ಪೊರಕೆಕಡ್ಡಿಯ ಅಳತೆ

ನಾಗಸಂದ್ರದಲ್ಲಿ ನಮಗೆ ಮನೆ ಬಾಡಿಗೆಗೆ ಕೊಟ್ಟಿದ್ದ ಆಂಜಿನಪ್ಪ, ತನ್ನ ಅಂಬಾಸಿಡರ್ ಕಾರಿನ ಇಂಜಿನನ್ನು ದನದ ಕೊಟ್ಟಿಗೆಯಲ್ಲಿ ಬಿಚ್ಚಿ ಹರಡಿಕೊಂಡು ಕೂತಿದ್ದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬರಲಿಲ್ಲ, ಮೈ ಉರಿಯಿತು. ಪಿಸ್ಟನ್ನುಗಳು ಗೋಣಿಚೀಲದ ಮೇಲೆ. ವಾಲ್ವುಗಳು ಹಿಟ್ಟಿನ ಜರಡಿಯಲ್ಲಿ. ನಟ್ಟು ಬೋಲ್ಟುಗಳೆಲ್ಲ ಒಂದು ಕಾಲದಲ್ಲಿ ಹಿಂಡಿ ನೆನೆಸುತ್ತಿದ್ದ ಬಾನಿಯಲ್ಲಿ, ಸೀಮೆಎಣ್ಣೆಯೊಳಗೆ. ಅವನ ಹೆಂಡತಿ ಭದ್ರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾತ್ರೆ ತಿಕ್ಕುವ ತೆಂಗಿನ ನಾರಿನಿಂದ ಇಂಜಿನ್ ಬ್ಲಾಕನ್ನು ತಿಕ್ಕುತ್ತಿದ್ದಳು. ಒಂದು ಕೋಳಿ ತನ್ನ ಮರಿಗಳನ್ನು ಕಟ್ಟಿಕೊಂಡು ಇವೆಲ್ಲದರ ನಡುವೆ ಆರಾಮಾಗಿ ಓಡಾಡುತ್ತಿತ್ತು.

ಇದು ಸಾವಿರದ ಒಂಬೈನೂರ ಎಂಬತ್ತೆರಡರ ಮಾತು. ನಾನು ಆಗ ಯಂತ್ರಗಳನ್ನು ತಯಾರಿಸುವ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಸೀನಿಯರ್ ಇನ್ಸ್‌ಪೆಕ್ಟರ್. ನಾವು ಕೂರುತ್ತಿದ್ದ ಗೇಜ್ ರೂಮಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಅಲ್ಲಿ ಬೇಸಿಗೆಯೂ ಇಲ್ಲ, ಚಳಿಗಾಲವೂ ಇಲ್ಲ; ವರ್ಷವಿಡೀ ಒಂದೇ ಹವೆ. ಒಂದು ತಲೆಗೂದಲನ್ನು ಅರವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ, ಅಂದರೆ ಮೈಕ್ರಾನಿನಲ್ಲಿ, ನಾವು ಅಳೆಯುತ್ತಿದ್ದೆವು. ಸರಿಯಿದ್ದ ಭಾಗಕ್ಕೆ ನನ್ನ ಸಹಿ, ಸರಿಯಿಲ್ಲದ್ದಕ್ಕೆ ಕೆಂಪು ಬಣ್ಣ. ಹದಿನಾರು ವರ್ಷ ಹೀಗೆ ಸಹಿ ಹಾಕಿ, ಬಣ್ಣ ಬಳಿದು, ನನಗೆ ಮನುಷ್ಯರನ್ನೂ ಹಾಗೇ ನೋಡುವ ಅಭ್ಯಾಸವಾಗಿಬಿಟ್ಟಿತ್ತು. ಆಂಜಿನಪ್ಪನಿಗೆ ನಾನು ಮನೆಗೆ ಬಂದ ಮೊದಲ ವಾರವೇ ಕೆಂಪು ಬಳಿದಿದ್ದೆ. ಓದಿಲ್ಲ, ಹಲ್ಲು ಉಜ್ಜುವುದು ಇದ್ದಿಲಲ್ಲಿ, ಮಾತಾಡಿದರೆ ಒಂದು ಹಕಾರವೂ ಹೊರಡುವುದಿಲ್ಲ. ಇಂಥವನ ಮನೆಯ ಮುಂದಿನ ಎರಡು ಕೋಣೆಯಲ್ಲಿ ನಾನು ಬಾಡಿಗೆಗಿರಬೇಕು, ಅವನು ನನ್ನ ಓನರ್. ಇದನ್ನು ಯೋಚಿಸಿದರೇ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅವನ ಮೂರೆಕರೆ ಹೊಲ ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ರಾಗಿ, ಬದನೆ, ಹುರುಳಿಕಾಯಿ ಬೆಳೆಯುತ್ತಿದ್ದ ಕಡೆ ಈಗ ಪಂಪು ಮಾಡುವ ಒಂದು ಖಾಸಗಿ ಫ್ಯಾಕ್ಟರಿಯ ಕಾಂಪೌಂಡ್ ಎದ್ದಿತ್ತು. ಭೂಮಿ ಕಳೆದುಕೊಂಡ ಮನೆಗೊಂದು ಕೆಲಸ ಅಂತ ಫ್ಯಾಕ್ಟರಿಯವರು ಹೇಳಿದ್ದರು. ಆಂಜಿನಪ್ಪನ ಪಾಲಿಗೆ ಬಂದಿದ್ದು ಗೇಟಿನ ವಾಚ್‌ಮನ್ ಕೆಲಸ. ಆ ತಿಂಗಳ ಕೊನೆಯೊಳಗೆ ಸೇರಿದರೆ ಸೇರಬಹುದು, ಇಲ್ಲದಿದ್ದರೆ ಇಲ್ಲ. ಆಂಜಿನಪ್ಪನಿಗೆ ಅದು ಬೇಡವಾಗಿತ್ತು. ಅದೇ ಫ್ಯಾಕ್ಟರಿಗೆ ಬೊಂಬಾಯಿಯಿಂದ ಬರುವ ಆಫೀಸರುಗಳನ್ನು ಸ್ಟೇಷನ್ನಿಂದ ಕರೆತರಲು ಒಂದು ಕಾರು ಬೇಕಿತ್ತು, ವರ್ಷದ ಗುತ್ತಿಗೆ. ಅದಕ್ಕಾಗಿಯೇ ಅವನು ಪರಿಹಾರದ ದುಡ್ಡಿನಲ್ಲಿ ಉಳಿದಿದ್ದನ್ನು ಹಾಕಿ ಈ ಹಳೇ ಅಂಬಾಸಿಡರ್ ತಂದಿದ್ದ. ಫ್ಯಾಕ್ಟರಿಯ ಟ್ರಾನ್ಸ್‌ಪೋರ್ಟ್ ಆಫೀಸರ್ ವೆಂಕಟೇಶಪ್ಪ ಇಪ್ಪತ್ತೈದನೇ ತಾರೀಖು ಸೋಮವಾರ ಬಂದು ಗಾಡಿಯಲ್ಲಿ ಕೂತು ನೋಡುವುದು, ಒಪ್ಪಿಗೆಯಾದರೆ ಅಲ್ಲೇ ಸಹಿ ಅಂತ ಮಾತಾಗಿತ್ತು.

“ನನ್ನೊಲದ ಬಾಗ್ಲಲ್ಲೇ ನಾನು ಕಾಕಿ ಆಕ್ಕೊಂಡು ಸಲ್ಯೂಟ್ ಒಡೀತಾ ನಿಂತ್ಕೊಳ್ಳಾದಾ ಸಾರ್” ಅಂತ ಆಂಜಿನಪ್ಪ ಒಂದು ಸಲ ನನ್ನ ಹತ್ತಿರ ಹೇಳಿದ್ದ. ಅವನು ಅಷ್ಟು ಮಾತಾಡಿದ್ದೇ ಹೆಚ್ಚು. ಇದರಲ್ಲೇನು ಅಂಥ ಅವಮಾನ, ಎಲ್ಲೋ ಒಂದು ಕಡೆ ನಿಲ್ಲಲೇಬೇಕಲ್ಲ ಅಂತ ನಾನು ಮನಸ್ಸಿನಲ್ಲಿ ಅಂದುಕೊಂಡೆ.

ಹೊಲದಲ್ಲಿ ನೀರೆತ್ತುವ ಡೀಸೆಲ್ ಇಂಜಿನನ್ನು ಏಳು ಸಲ ತಾನೇ ಬಿಚ್ಚಿ ಜೋಡಿಸಿದ್ದೇನೆ, ಇದನ್ನೂ ಮಾಡುತ್ತೇನೆ ಅನ್ನುವುದು ಅವನ ಧೈರ್ಯ. ಹೊಲದ ಬಾವಿ ಮುಚ್ಚುವ ಮೊದಲು ರಾಟೆಯನ್ನು ಕಿತ್ತು ತಂದಿಟ್ಟುಕೊಂಡಿದ್ದ. ಅದನ್ನೇ ಹಿತ್ತಲ ಬೇವಿನ ಕೊಂಬೆಗೆ ಕಟ್ಟಿ, ಹಗ್ಗ ಹಾಕಿ, ಗಂಡ ಹೆಂಡತಿ ಇಬ್ಬರೇ ಇಂಜಿನನ್ನು ಕಾರಿನಿಂದ ಮೇಲಕ್ಕೆತ್ತಿದ್ದರು. ಬಾವಿಯ ರಾಟೆಯಲ್ಲಿ ಇಂಜಿನ್ ಸೇದುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಸುಮ್ಮನೆ ನೋಡಿಕೊಂಡಿರಲು ಆಗಲಿಲ್ಲ. ಮೈಕ್ರೋಮೀಟರು, ವರ್ನಿಯರು ಅಂತ ನನ್ನ ಅಳತೆಯ ಸಾಧನಗಳನ್ನು ಹಿಡಿದುಕೊಂಡು ಕೊಟ್ಟಿಗೆಗೆ ಇಳಿದೆ. ಅವನಿಗೆ ಸಹಾಯವಾಗಲಿ ಅಂತಲ್ಲ. ಕೆಲಸ ಅಂದರೆ ಏನು ಅಂತ ಈ ಜನಕ್ಕೆ ಒಂದು ಸಲ ತೋರಿಸೋಣ ಅಂತ.

ಅವರು ನನ್ನನ್ನು ಕರೆಯುತ್ತಿದ್ದುದು ಇನ್ಸ್‌ಪೆಕ್ಟರ್ ಸಾರ್ ಅಂತ. ನಾನು ಬಂದ ಕೂಡಲೇ ಭದ್ರಮ್ಮ ಕೋಳಿಯನ್ನು ಓಡಿಸಿ, ಮಣೆ ಒರೆಸಿ ಹಾಕುತ್ತಿದ್ದಳು. ಆಂಜಿನಪ್ಪ ಎದ್ದು ನಿಲ್ಲುತ್ತಿದ್ದ. ಮನೆಯ ಯಜಮಾನ ತನ್ನ ಕೊಟ್ಟಿಗೆಯಲ್ಲೇ ಬಾಡಿಗೆಯವನ ಮುಂದೆ ಎದ್ದು ನಿಲ್ಲುವುದು ನನಗೆ ಸಹಜವಾಗಿಯೇ ಕಂಡಿತು. ಸಿಲಿಂಡರುಗಳನ್ನು ಕಲಾಸಿಪಾಳ್ಯದಲ್ಲಿ ಕೊರೆಸಿಕೊಂಡು ಬಂದಾಗ ನಾನು ಅಳೆದು, ಎರಡನೆಯದನ್ನು ಸ್ವಲ್ಪ ಕಮ್ಮಿ ಕೊರೆದಿದ್ದಾರೆ ಅಂತ ಬೈದು ವಾಪಸು ಕಳಿಸಿದೆ. ಅವನು ಬ್ಲಾಕನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಮತ್ತೆ ಹೋಗಿ ಬಂದ. ರಿಂಗು, ಬೇರಿಂಗು, ವಾಲ್ವು, ಪ್ರತಿಯೊಂದೂ ನನ್ನ ಕೈ ದಾಟಿಯೇ ಒಳಗೆ ಹೋಯಿತು. ಅದರಲ್ಲಿ ನಾನು ತಪ್ಪಲಿಲ್ಲ, ಅದನ್ನು ಈಗಲೂ ಹೇಳುತ್ತೇನೆ.

ಉಳಿದಿದ್ದು ಇಂಜಿನ್ನಿನ ಮೂತಿ. ಅಲ್ಲಿ ಎರಡು ಹಲ್ಲುಚಕ್ರಗಳ ನಡುವೆ ಟೈಮಿಂಗ್ ಚೈನ್ ಅಂತ ಒಂದು ಸರಪಳಿ ಓಡುತ್ತದೆ. ವಾಲ್ವುಗಳು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚುವುದು ಅದರಿಂದ. ಅದು ಸಡಿಲವಾಗಿ ಬಡಿದುಕೊಳ್ಳದಂತೆ ಪಕ್ಕದಿಂದ ಒತ್ತಿ ಹಿಡಿಯಲು ಟೆನ್ಷನರ್ ಅನ್ನುವ, ರಬ್ಬರ್ ಮೂತಿಯ, ಹೆಬ್ಬೆರಳಿನಷ್ಟು ದಪ್ಪದ ಒಂದು ಸಾಧನ ಇರುತ್ತದೆ. ಅದನ್ನು ಬ್ಲಾಕಿಗೆ ಎರಡು ಬೋಲ್ಟಿನಲ್ಲಿ ಬಿಗಿಯುತ್ತಾರೆ, ನಡುವಿನ ಸಂದಿ ಸೋರದಂತೆ ಅದೇ ಆಕಾರಕ್ಕೆ ಕತ್ತರಿಸಿದ ಕಾಗದದ ಗ್ಯಾಸ್ಕೆಟ್ ಇಡುತ್ತಾರೆ. ಹಳೇ ಗ್ಯಾಸ್ಕೆಟ್ಟು ಭದ್ರಮ್ಮನ ನಾರಿನ ಏಟಿಗೆ ಪುಡಿಪುಡಿಯಾಗಿ ಹೋಗಿತ್ತು.

ಆಂಜಿನಪ್ಪ ಗೋಡೆಯ ಹಳೇ ಕ್ಯಾಲೆಂಡರಿನ ರಟ್ಟು ತಂದು, ಬ್ಲಾಕಿನ ಮುಖದ ಮೇಲೆ ಇಟ್ಟು, ಸಣ್ಣ ಸುತ್ತಿಗೆಯಿಂದ ಅಂಚಿನ ಸುತ್ತ ತಟ್ಟಲು ಶುರುಮಾಡಿದ. ಹಾಗೆ ತಟ್ಟಿದರೆ ಕಬ್ಬಿಣದ ಅಂಚೇ ಕಾಗದವನ್ನು ಕತ್ತರಿಸುತ್ತದಂತೆ. ಎಲ್ಲೆಲ್ಲಿ ತೂತಿದೆಯೋ ಅಲ್ಲಲ್ಲಿ ತಾನೇ ತೂತಾಗುತ್ತದಂತೆ. ಪಂಪ್‌ಸೆಟ್ಟಿಗೆ ಯಾವಾಗಲೂ ಹಾಗೇ ಮಾಡುವುದಂತೆ. ನಾನು ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡೆ. ಇದೇನು ರೊಟ್ಟಿ ತಟ್ಟುವುದಾ ಅಂತ ಕೇಳಿದೆ. ಅವನು ಪೆಚ್ಚಾಗಿ ನಕ್ಕು ಹಿಂದೆ ಸರಿದ.

ನಾನು ಡ್ರಾಯಿಂಗ್ ಹಾಳೆ ತರಿಸಿ, ಪೆನ್ಸಿಲ್ ಚೂಪು ಮಾಡಿ, ಬ್ಲಾಕಿನ ಮುಖವನ್ನು ವರ್ನಿಯರಿನಲ್ಲಿ ಅಳೆದು ನಕ್ಷೆ ತೆಗೆಯಲು ಕೂತೆ. ಎರಡು ಬೋಲ್ಟಿನ ತೂತು ಗುರುತಿಸಿದೆ. ಅವುಗಳ ನಡುವೆ ಇನ್ನೊಂದು ಪುಟ್ಟ ತೂತಿತ್ತು. ಅದರ ಬಾಯಿ ವಕ್ರವಾಗಿತ್ತು, ಸುತ್ತ ಕರೀ ಜಿಡ್ಡು ಕಟ್ಟಿಕೊಂಡಿತ್ತು. ನಾನು ಅದನ್ನು ನಕ್ಷೆಯಲ್ಲಿ ಗುರುತಿಸದೆ ಬಿಟ್ಟೆ. ಅಷ್ಟರಲ್ಲಿ ಭದ್ರಮ್ಮ ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು ಬಂದು ಆ ತೂತಿನೊಳಗೆ ತೂರಿಸಿ ಜಿಡ್ಡು ತೆಗೆಯತೊಡಗಿದಳು.

“ಸಾರ್, ಕಡ್ಡಿ ಗೇಣುದ್ದ ಒಳಕ್ಕೆ ಓಯ್ತದೆ. ನಿಮ್ ಕಾಗ್ದ ಇಟ್ರೆ ಈ ತೂತು ಮುಚ್ಚೋಗಲ್ವಾ?”

ಅವಳು ಕೇಳಿದ್ದು ಇಷ್ಟೇ. ನಾನು ಕಡ್ಡಿಯ ಕಡೆ ನೋಡಲೂ ಇಲ್ಲ. ನನ್ನ ಗೇಜ್ ರೂಮಿಗೆ ಚಪ್ಪಲಿ ಬಿಟ್ಟರೂ ಒಳಗೆ ಬಿಡದಂಥ ಹೆಂಗಸು ನನ್ನ ನಕ್ಷೆಯಲ್ಲಿ ತಪ್ಪು ಹುಡುಕುತ್ತಿದ್ದಾಳೆ ಅನ್ನುವುದೊಂದೇ ನನಗೆ ಕಂಡಿದ್ದು.

“ಅದು ಬ್ಲೋ ಹೋಲ್ ಕಣಮ್ಮ. ಎರಕ ಹೊಯ್ಯೋವಾಗ ಗಾಳಿ ಸಿಕ್ಕಿಕೊಂಡು ಆಗೋ ದೋಷ. ನಮ್ಮ ಫ್ಯಾಕ್ಟರೀಲಾಗಿದ್ರೆ ಕೆಂಪು ಬಳಿದು ಎಸೀತಿದ್ದೆ. ಮುಚ್ಚಿಹೋದ್ರೆ ಒಳ್ಳೇದೇ ಆಯ್ತು” ಅಂದೆ.

ಅವಳು ಕಡ್ಡಿಯನ್ನು ಹೊರಗೆಳೆದು, ಸೆರಗಿನಲ್ಲಿ ಒರೆಸಿ, ಗಂಡನ ಮುಖ ನೋಡಿದಳು. ಅವನು ಸೀಮೆಎಣ್ಣೆಯ ಬಾನಿಗೆ ಕೈ ಹಾಕಿ ಬೋಲ್ಟು ಹುಡುಕತೊಡಗಿದ. ನಾನು ಗ್ಯಾಸ್ಕೆಟ್ಟನ್ನು ಬ್ಲೇಡಿನಲ್ಲಿ ಕತ್ತರಿಸಿದೆ. ನೋಡಲು ಎಷ್ಟು ಚೆನ್ನಾಗಿತ್ತೆಂದರೆ ನನಗೇ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಪಾಸಾದ ವಸ್ತುವಿಗೆ ಹಾಕುವ ಹಾಗೆ ಅದರ ಮೂಲೆಯಲ್ಲಿ ಸಣ್ಣದಾಗಿ ನನ್ನ ಸಹಿ ಹಾಕಿ ಕೊಟ್ಟೆ.

ಇಂಜಿನ್ ಕಾರಿನೊಳಗೆ ಇಳಿದು ಮೊದಲ ಸಲ ಚಾಲೂ ಆಗಿದ್ದು ಹದಿನೆಂಟನೇ ತಾರೀಖು. ಒಂದೇ ಸಲಕ್ಕೆ ಹೊತ್ತಿಕೊಂಡಿತು, ಹೊಗೆ ಇಲ್ಲ, ನಡುಕ ಇಲ್ಲ. ಆದರೆ ಐದು ನಿಮಿಷ ಕಳೆಯುವಷ್ಟರಲ್ಲಿ ಮೂತಿಯಿಂದ ಕರಕರ ಅಂತ ಸದ್ದು ಶುರುವಾಯಿತು. ತಗಡಿನ ಮೇಲೆ ಯಾರೋ ಬಾವಿಯ ಸರಪಳಿ ಎಳೆದಾಡಿದ ಹಾಗೆ. ಬಿಸಿಯಾದಷ್ಟೂ ಜಾಸ್ತಿ. ಆಂಜಿನಪ್ಪ ಒಂದು ಬಿದಿರಿನ ಕೋಲಿನ ತುದಿಯನ್ನು ಇಂಜಿನ್ನಿಗೆ ಆನಿಸಿ, ಇನ್ನೊಂದು ತುದಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದ. ಆ ಭಂಗಿ ನೋಡಿ ನನಗೆ ಅಸಹ್ಯವಾಯಿತು.

ನೀನು ತಂದ ಹೊಸ ಚೈನು ನಕಲಿ, ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿ ಯಾರೋ ನಿನಗೆ ಟೋಪಿ ಹಾಕಿದ್ದಾರೆ ಅಂತ ನಾನು ತೀರ್ಪು ಕೊಟ್ಟೆ. ಅವನು ಮಾರನೇ ದಿನವೇ ಹೋಗಿ ಬೇರೆ ಅಂಗಡಿಯಿಂದ ಇನ್ನೊಂದು ಚೈನು ತಂದ. ಮುಂದಿನ ಮುಚ್ಚಳ ಬಿಚ್ಚಿ ಅದನ್ನು ಹಾಕಿದೆವು. ಟೆನ್ಷನರನ್ನು ಬ್ಲಾಕಿನಿಂದ ಕಳಚುವ ಅಗತ್ಯ ಬೀಳಲಿಲ್ಲ. ಸದ್ದು ಹಾಗೇ ಇತ್ತು. ಆಗ ಆಂಜಿನಪ್ಪ ನೆಲ ನೋಡುತ್ತ, ಅಲ್ಲಿಗೆ ಎಣ್ಣೆ ಹೋಗುತ್ತಿಲ್ಲವೇನೋ ಅನಿಸುತ್ತದೆ, ಪಂಪ್‌ಸೆಟ್ಟಿನಲ್ಲೂ ಎಣ್ಣೆ ಕಟ್ಟಿದಾಗ ಹೀಗೇ ಒಣಸದ್ದು ಬರುತ್ತಿತ್ತು ಅಂದ. ನಾನು ನಕ್ಕೆ. ಹೊಸ ಚೈನು ಐನೂರು ಮೈಲಿ ಓಡುವತನಕ ಹೀಗೇ ಮಾತಾಡುತ್ತದೆ, ಆಮೇಲೆ ಬಾಯಿ ಮುಚ್ಚುತ್ತದೆ ಅಂತ ಹೇಳಿದೆ. ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಎಲ್ಲೂ ಓದಿರಲಿಲ್ಲ. ಆ ಕ್ಷಣಕ್ಕೆ ಬಾಯಿಗೆ ಬಂದಿದ್ದು. ಗಂಡ ಹೆಂಡತಿ ಅದನ್ನು ಪೂರ್ತಿ ನಂಬಿ ನೆಮ್ಮದಿಯಾದರು.

ಇಪ್ಪತ್ತಮೂರನೇ ತಾರೀಖು ಶನಿವಾರ ಬೆಳಿಗ್ಗೆ ಗೇಜ್ ರೂಮಿನಲ್ಲಿ ನನ್ನ ಮೇಜಿಗೆ ಒಂದು ಎರಕದ ಮುಚ್ಚಳ ಬಂತು. ಅದರ ಮುಖದಲ್ಲಿ ಒಂದು ಬ್ಲೋ ಹೋಲ್. ವಾಡಿಕೆಯಂತೆ ಆಳ ನೋಡಲು ತಂತಿ ತೂರಿಸಿದೆ. ಉಗುರಿನಷ್ಟು ಹೋಗಿ ತಡೆಯಿತು. ಬ್ಲೋ ಹೋಲ್ ಅಂದರೆ ಅಷ್ಟೇ; ಅದು ಗಾಳಿಯ ಗುಳ್ಳೆ, ಉಗುರಿನಷ್ಟೋ ಬಟಾಣಿಯಷ್ಟೋ ಇದ್ದು ಮುಗಿಯುತ್ತದೆ. ಹದಿನಾರು ವರ್ಷದಲ್ಲಿ ಸಾವಿರಾರು ನೋಡಿದ್ದೆ. ಗೇಣುದ್ದ ನೇರವಾಗಿ ಒಳಗೆ ಹೋಗುವ ಬ್ಲೋ ಹೋಲನ್ನು ಒಂದೂ ನೋಡಿರಲಿಲ್ಲ. ಅಂಥದ್ದು ಇರುವುದಕ್ಕೆ ಸಾಧ್ಯವೂ ಇಲ್ಲ. ನೇರವಾಗಿ ಗೇಣುದ್ದ ಹೋಗುವುದು ಯಾರೋ ಬೇಕೆಂತಲೇ ಕೊರೆದ ದಾರಿ.

ತಂತಿಯನ್ನು ಹೊರಗೆಳೆದು ಮೇಜಿನ ಮೇಲಿಟ್ಟೆ. ಟೆನ್ಷನರಿಗೂ ಚೈನಿಗೂ ಎಣ್ಣೆ ಹೋಗುವ ತೂತನ್ನು ನಾನು ಸಹಿ ಹಾಕಿದ ಕಾಗದದಿಂದ ಮುಚ್ಚಿದ್ದೆ. ಅದನ್ನು ಆ ಹೆಂಗಸು ನನಗೆ ಕಡ್ಡಿಯಲ್ಲಿ ಅಳೆದು ತೋರಿಸಿದ್ದಳು. ಅವಳ ಗಂಡ ಕೋಲಿನಲ್ಲಿ ಕೇಳಿ ಹೇಳಿದ್ದ. ಅಳತೆ ಗೊತ್ತಿಲ್ಲದ ಜನ ಅಂತ ನಾನು ಯಾರನ್ನು ಆಡಿಕೊಳ್ಳುತ್ತಿದ್ದೆನೋ ಅವರಿಬ್ಬರೂ ಸರಿಯಾಗಿ ಅಳೆದಿದ್ದರು, ನಾನೊಬ್ಬನೇ ತಪ್ಪಿದ್ದೆ.

ಮೂತಿ ಬಿಚ್ಚಿ, ಗ್ಯಾಸ್ಕೆಟ್ ತೆಗೆದು, ಒಂದು ತೂತು ಕೊರೆದು ಮತ್ತೆ ಮುಚ್ಚಲು ನಾಲ್ಕು ಗಂಟೆ ಸಾಕು. ಮಧ್ಯೆ ಇಡೀ ಭಾನುವಾರ ಇತ್ತು. ಹೋದ ಕೂಡಲೇ ಹೇಳಿಬಿಡುವುದು ಅಂತ ಫ್ಯಾಕ್ಟರಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

ಅಂಗಳ ಸಾರಿಸಿತ್ತು. ಕಾರಿನ ಮುಂದೆ ರಂಗೋಲಿ, ಬಾನೆಟ್ಟಿಗೆ ಅರಿಶಿನ ಕುಂಕುಮ, ಸೇವಂತಿಗೆ ಹಾರ. ಬೇಗೂರಿನಿಂದ ಭದ್ರಮ್ಮನ ಅಣ್ಣನ ಮನೆಯವರೆಲ್ಲ ಬಂದಿದ್ದರು. ನಾನು ಚಪ್ಪಲಿ ಬಿಡುವುದಕ್ಕೂ ಬಿಡದೆ ಆಂಜಿನಪ್ಪ ಕೈ ಹಿಡಿದು ಕರೆದೊಯ್ದು ಕುರ್ಚಿಯ ಮೇಲೆ ಕೂರಿಸಿದ. ಭದ್ರಮ್ಮ ತಟ್ಟೆ ತಂದಳು. ಪಂಚೆ, ಶಲ್ಯ, ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ. ಕೆಲಸ ಕಲಿಸಿದ ಗುರುವಿಗೆ ಅವರಲ್ಲಿ ಹೀಗೆ ತಾಂಬೂಲ ಕೊಡುವುದು ಪದ್ಧತಿಯಂತೆ. ಕೊಡದೆ ಗಾಡಿಯನ್ನು ಮೊದಲ ಬಾಡಿಗೆಗೆ ಎತ್ತಬಾರದಂತೆ. ಈ ಸಾರ್ ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಆಗುತ್ತಿರಲಿಲ್ಲ ಅಂತ ಅವನು ನೆಂಟರೆಲ್ಲರ ಮುಂದೆ ಹೇಳಿದ. ನನಗೆ ಅಡ್ಡ ಬಿದ್ದ. ಅವನ ಬೆರಳಿನ ಸಂದಿಯಲ್ಲಿ ಗ್ರೀಸು ಇನ್ನೂ ಹೋಗಿರಲಿಲ್ಲ.

ಆಗಲೇ ಹೇಳಬೇಕಿತ್ತು. ನಾಲ್ಕು ಮಾತು. ತಪ್ಪು ನನ್ನದು, ಬಿಚ್ಚೋಣ ನಡಿ. ಆದರೆ ಇದ್ದಿಲಲ್ಲಿ ಹಲ್ಲುಜ್ಜುವ ಹತ್ತು ಜನರ ಮುಂದೆ, ಒಬ್ಬ ಹೆಂಗಸಿನ ಪೊರಕೆಕಡ್ಡಿ ನನಗಿಂತ ಸರಿಯಾಗಿತ್ತು ಅಂತ ಒಪ್ಪಿಕೊಳ್ಳಬೇಕಲ್ಲ ಅನ್ನಿಸಿತು. ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡೆ.

ಭಾನುವಾರ ಬೆಳಕು ಹರಿಯುತ್ತಲೇ ಮಲ್ಲೇಶ್ವರದ ಅಕ್ಕನ ಮನೆಗೆ ಹೊರಟೆ. ಏನು ಇದ್ದಕ್ಕಿದ್ದ ಹಾಗೆ ಅಂತ ನನ್ನ ಹೆಂಡತಿ ಊರ್ಮಿಳಾ ಕೇಳಿದಳು. ಸುಮ್ಮನೆ ಅಂದೆ. ಅಲ್ಲಿ ಊಟ ಮಾಡಿ, ಮಲಗಿ, ಕಾಫಿ ಕುಡಿದು, ಇಂಜಿನ್ ಬಿಚ್ಚುವ ನಾಲ್ಕು ಗಂಟೆ ಕೈ ಜಾರುವತನಕ ಕೂತು, ಕತ್ತಲಾಗುವ ಹೊತ್ತಿಗೆ ವಾಪಸು ಬಂದೆ. ಕಿವಿ ಚುರುಕಿಲ್ಲದ ಆಫೀಸರ್ ಬರಲಿ, ಹೇಗೋ ಸಹಿ ಬೀಳಲಿ, ಆಮೇಲೆ ಗುಟ್ಟಾಗಿ ಸರಿಮಾಡಿಕೊಟ್ಟರಾಯಿತು ಅಂತ ದಾರಿಯಲ್ಲಿ ದೇವರಿಗೆ ಹೇಳಿಕೊಂಡೆ. ಅಷ್ಟು ಅಗ್ಗದ ಪ್ರಾರ್ಥನೆಯನ್ನು ನಾನು ಮುಂಚೆ ಮಾಡಿರಲಿಲ್ಲ.

ವೆಂಕಟೇಶಪ್ಪನ ಕಿವಿ ಚುರುಕಾಗಿತ್ತು. ಮಿಲಿಟರಿಯಲ್ಲಿ ಲಾರಿ ಓಡಿಸಿ ಬಂದ ಮನುಷ್ಯ. ಕಾರಿನಲ್ಲಿ ಕೂತು ಯಶವಂತಪುರದವರೆಗೆ ಹೋಗಿ ಬಂದ. ಬಂದವನು ಇಳಿಯದೆ, ಇಂಜಿನ್ ಆರಿಸಬೇಡ ಅಂತ ಹೇಳಿ, ತಲೆ ವಾಲಿಸಿ ಕೇಳುತ್ತ ಕೂತ. ನಾನು ರಜೆ ಹಾಕಿ ಬಾಗಿಲಲ್ಲಿ ನಿಂತಿದ್ದೆ. ಹೊಸ ಚೈನು, ಐನೂರು ಮೈಲಿ ಓಡಿದರೆ ಸರಿಹೋಗುತ್ತದೆ ಅಂತ ಆಂಜಿನಪ್ಪ ನನ್ನ ಮಾತನ್ನು ಪಾಠದ ಹಾಗೆ ಒಪ್ಪಿಸಿ ನನ್ನ ಕಡೆ ಕೈ ತೋರಿಸಿದ.

“ಹೊಸ ಚೈನಿನ ಸದ್ದಲ್ಲ ಕಣ್ರೀ ಇದು, ಎಣ್ಣೆ ಕಾಣದ ಚೈನಿನ ಸದ್ದು. ದಾರೀಲಿ ಕಡಿದ್ರೆ ನಮ್ಮ ಸಾಹೇಬ್ರು ರೋಡಲ್ಲಿ ನಿಂತ್ಕೋಬೇಕಾಗತ್ತೆ. ನೀವು ನೋಡಿದ್ರಂತಲ್ಲ, ಏನಂತೀರಿ?” ಅಂತ ವೆಂಕಟೇಶಪ್ಪ ನನ್ನನ್ನು ಕೇಳಿದ.

ಅವನು ಹೇಳಿದ್ದು ಅಕ್ಷರಶಃ ನಿಜ ಅಂತ ನನಗೆ ಗೊತ್ತಿತ್ತು. ಎರಡು ದಿನದಿಂದ ಗೊತ್ತಿತ್ತು. ಹೌದು, ಮಧ್ಯಾಹ್ನದವರೆಗೆ ಟೈಮ್ ಕೊಡಿ ಅಂದಿದ್ದರೆ ಆ ಮನುಷ್ಯ ಕೊಡುತ್ತಿದ್ದನೋ ಏನೋ. ಆದರೆ ಅವನ ದನಿಯಲ್ಲಿ ನನ್ನ ಬಗ್ಗೆ ಒಂದು ತಾತ್ಸಾರ ಇತ್ತು. ಅದನ್ನು ಕೇಳಿದ ಕೂಡಲೇ ನನಗೆ ಬೇರೆಲ್ಲ ಮರೆತುಹೋಯಿತು.

“ಮೈಕ್ರಾನ್ ಅಂದ್ರೇನು ಅಂತ ಗೊತ್ತೇನ್ರೀ ನಿಮಗೆ? ಈ ಇಂಜಿನ್ನಿನ ಒಂದೊಂದು ಭಾಗವನ್ನೂ ನಾನು ಅಳೆದಿದ್ದೀನಿ. ಲಾರಿ ಡ್ರೈವರ್ ಹತ್ರ ಪಾಠ ಹೇಳಿಸ್ಕೊಳ್ಳೋ ಗತಿ ನಂಗೆ ಬಂದಿಲ್ಲ” ಅಂದೆ.

ವೆಂಕಟೇಶಪ್ಪ ಕಾರಿನಿಂದ ಇಳಿದು, ಬಾನೆಟ್ಟಿನ ಮೇಲಿದ್ದ ಹಾರವನ್ನು ಸರಿಮಾಡಿ ಇಟ್ಟು, ಆಂಜಿನಪ್ಪನ ಭುಜ ತಟ್ಟಿದ. ದಾಸರಹಳ್ಳಿಯವನ ಗಾಡಿ ಇದೆ, ಅದನ್ನೇ ತೆಗೆದುಕೊಳ್ಳುತ್ತೇವೆ, ಬೇಜಾರು ಮಾಡಿಕೋಬೇಡ ಅಂತ ಹೇಳಿ ತನ್ನ ಮೋಟಾರ್ ಸೈಕಲ್ ಹತ್ತಿ ಹೊರಟುಹೋದ. ಆಂಜಿನಪ್ಪ ಇಂಜಿನ್ ಆರಿಸುವುದನ್ನೇ ಮರೆತು ಅಂಗಳದಲ್ಲಿ ನಿಂತಿದ್ದ. ಭದ್ರಮ್ಮ ಹೋಗಿ ಕೀ ತಿರುಗಿಸಿದಳು.

ಮಾರನೇ ದಿನ ನಾನು ಕೆಲಸದಿಂದ ಬರುವಾಗ ಹಿತ್ತಲಲ್ಲಿ ಇಂಜಿನ್ ಓಡುತ್ತಿತ್ತು. ಗಡಿಯಾರದ ಹಾಗೆ ಅನ್ನುತ್ತಾರಲ್ಲ, ಹಾಗೆ. ಕರಕರ ಇಲ್ಲ. ಆಂಜಿನಪ್ಪ ನನ್ನನ್ನು ಕಾಯದೆ ತಾನೇ ಮೂತಿ ಬಿಚ್ಚಿದ್ದ, ಟೆನ್ಷನರ್ ಕಳಚಿದ್ದ, ಕ್ಯಾಲೆಂಡರಿನ ರಟ್ಟನ್ನು ಬ್ಲಾಕಿನ ಮೇಲಿಟ್ಟು ಸುತ್ತಿಗೆಯಲ್ಲಿ ತಟ್ಟಿ ಗ್ಯಾಸ್ಕೆಟ್ ಮಾಡಿಕೊಂಡಿದ್ದ. ಮೂರು ತೂತು ತಾವಾಗಿಯೇ ಬಿದ್ದಿದ್ದವು. ಭದ್ರಮ್ಮ ಅಂಗೈಯಲ್ಲಿ ಏನೋ ಇಟ್ಟುಕೊಂಡು ನನ್ನ ಹತ್ತಿರ ಬಂದಳು. ನನ್ನ ಗ್ಯಾಸ್ಕೆಟ್. ಎಣ್ಣೆ ಕುಡಿದು ಕಂದಾಗಿತ್ತು. ನಡುವೆ, ತೂತಿರಬೇಕಾದ ಕಡೆ, ಎಣ್ಣೆ ಒತ್ತಿ ಒತ್ತಿ ಬಟಾಣಿಯಷ್ಟು ಉಬ್ಬಿತ್ತು. ಮೂಲೆಯಲ್ಲಿ ನನ್ನ ಸಹಿ ಅಳಿಸಿರಲಿಲ್ಲ.

“ನಾ ಅವತ್ತೇ ಕೇಳುದ್ನಲ್ಲ ಸಾರ್” ಅಂದಳು.

ಕಾಗದದ ಗುಣಮಟ್ಟ ಸರಿಯಿಲ್ಲ, ಎಣ್ಣೆಗೆ ಊದಿಕೊಂಡು ತೂತು ಕಟ್ಟಿದೆ ಅಂದೆ. ಕಟ್ಟುವುದಕ್ಕೆ ಆ ಕಾಗದದಲ್ಲಿ ತೂತೇ ಇರಲಿಲ್ಲ. ಅದು ಅವಳ ಅಂಗೈಯಲ್ಲೇ ಇತ್ತು, ಮೂವರಿಗೂ ಕಾಣುತ್ತಿತ್ತು. ಆಂಜಿನಪ್ಪ ಕೈ ಒರೆಸಿಕೊಳ್ಳುತ್ತ ಬಂದು ಹೆಂಡತಿಗೆ ಮೆಲ್ಲಗೆ ಹೇಳಿದ:

“ಊದ್ಕಂಡಿರ್ಬೇಕು ಬುಡು. ಸಾರ್‌ಗೆ ಕಾಫಿ ಕೊಡು ಓಗು.”

ನಾನು ಆ ಕಾಫಿ ಕುಡಿದೆ. ಒಂದು ಬೈಗುಳವಾದರೂ ಬಂದಿದ್ದರೆ ತಿರುಗಿಸಿ ಬೈಯಬಹುದಿತ್ತು. ಮನೆ ಖಾಲಿ ಮಾಡಿ ಅಂದಿದ್ದರೆ ಕೂಗಾಡಬಹುದಿತ್ತು.  ಆಮೇಲೆ ಎರಡು ತಿಂಗಳು ಅದೇ ಮನೆಯಲ್ಲಿದ್ದೆವು. ನಾನು ಎದುರು ಬಂದರೆ ಆಂಜಿನಪ್ಪ ಮುಂಚಿನ ಹಾಗೇ ಎದ್ದು ನಿಲ್ಲುತ್ತಿದ್ದ. ಅದಕ್ಕೇ ನಾನು ರಾಜಾಜಿನಗರದಲ್ಲಿ ಬೇರೆ ಮನೆ ನೋಡಿದೆ. ನೀರಿನ ತೊಂದರೆ ಅಂತ ಎಲ್ಲರಿಗೂ ಹೇಳಿದೆ. ಊರ್ಮಿಳಾ ನಂಬಲಿಲ್ಲ. ಪಂಚೆ ಶಲ್ಯವನ್ನು ಟ್ರಂಕಿನ ತಳಕ್ಕೆ ಹಾಕುತ್ತ, ಇದನ್ನು ಒಂದು ದಿನವೂ ಉಡಲಿಲ್ಲವಲ್ಲ ಅಂದಳು, ಅಷ್ಟೇ.

ಕಾರನ್ನು ಜಿಗಣಿಯ ಕಡೆಯವರು ಯಾರೋ ಕೊಂಡುಕೊಂಡರಂತೆ. ಫ್ಯಾಕ್ಟರಿಯ ಗುತ್ತಿಗೆಗೆ ಸೋಮವಾರವೇ ದಾಸರಹಳ್ಳಿಯವನ ಜೊತೆ ಸಹಿಯಾಗಿತ್ತು; ಬೇರೆ ಗುತ್ತಿಗೆ ಸಿಗದೆ ಅದನ್ನು ಇಟ್ಟುಕೊಂಡು ಮಾಡುವುದೇನಿತ್ತು. ತಿಂಗಳ ಕೊನೇ ದಿನ ಆಂಜಿನಪ್ಪ ಹೋಗಿ ವಾಚ್‌ಮನ್ ಕೆಲಸಕ್ಕೆ ಸೇರಿಕೊಂಡಿದ್ದ.

ಮುಂದಿನ ವರ್ಷ ನನಗೆ ಬಡ್ತಿ ಬಂತು. ಬಡ್ತಿಯ ಜೊತೆ ಹೊಸ ಜವಾಬ್ದಾರಿ: ನಮ್ಮ ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡುವ ಪೀಣ್ಯದ ಘಟಕಗಳಿಗೆ ಹೋಗಿ ಅವರ ಮಾಲನ್ನು ಪರೀಕ್ಷಿಸಿ ಬರುವುದು. ಪಟ್ಟಿಯಲ್ಲಿ ಆ ಪಂಪಿನ ಫ್ಯಾಕ್ಟರಿಯ ಹೆಸರೂ ಇತ್ತು. ಮೂರು ಸಲ ನೆಪ ಹೇಳಿ ಬೇರೆಯವರನ್ನು ಕಳಿಸಿದೆ. ನಾಲ್ಕನೇ ಸಲ ನಾನೇ ಹೋಗಬೇಕಾಯಿತು.

ಗೇಟಿನ ಪಕ್ಕದ ವಾಚ್‌ಮನ್ ಗೂಡು ಸರಿಯಾಗಿ ಆಂಜಿನಪ್ಪನ ಹಳೇ ಬಾವಿ ಇದ್ದ ಜಾಗದಲ್ಲಿತ್ತು. ಖಾಕಿ ಅವನಿಗೆ ದೊಗಳೆಯಾಗಿತ್ತು. ಗೇಟಿನ ಮುಂದಿನ ನೆಲವನ್ನು ಗುಡಿಸುತ್ತಿದ್ದವನು ನನ್ನನ್ನು ನೋಡಿ, ಪೊರಕೆಯನ್ನು ಗೋಡೆಗೆ ಒರಗಿಸಿ, ಕಾಲು ಜೋಡಿಸಿ ಸಲ್ಯೂಟ್ ಹೊಡೆದ. ಮನೆಯಲ್ಲಿ ಎಲ್ಲ ಚೆನ್ನಾಗಿದ್ದಾರಾ, ಅಮ್ಮಾವರು ಹೇಗಿದ್ದಾರೆ ಅಂತ ವಿಚಾರಿಸಿದ. ಪುಸ್ತಕ ತೆಗೆದು ಮುಂದಿಟ್ಟು, ಹೆಸರು, ಬಂದ ಕಾರಣ ಬರೆಯಬೇಕು, ರೂಲ್ಸು, ತಪ್ಪು ತಿಳಿಯಬೇಡಿ ಅಂದ.

ನಾನು ಹೆಸರು ಬರೆದೆ. ಕಾರಣ: ಎರಕದ ಭಾಗಗಳ ಪರೀಕ್ಷೆ. ಸಹಿ ಹಾಕಿದೆ. ಅವನು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡ. ಓದಲು ಬಾರದಿದ್ದರೂ ಸಹಿಯನ್ನು ಗುರುತು ಹಿಡಿದ; ಅದರ ಮೇಲೆ ಒಂದು ಸಲ ಬೆರಳಾಡಿಸಿದ. ಏನು ಕೆಲಸದ ಮೇಲೆ ಬಂದಿರಿ ಸಾರ್ ಅಂತ ಕೇಳಿದ. ಒಳಗೆ ಎರಕದ ಮಾಲಿದೆ, ಸರಿಯಿದೆಯಾ ಅಂತ ನೋಡಬೇಕು ಅಂದೆ.

ಅವನು ತಲೆಯಾಡಿಸಿದ. ಗೋಡೆಗೆ ಒರಗಿದ್ದ ಪೊರಕೆಗೆ ಕೈ ಹಾಕಿ, ಒಂದು ಕಡ್ಡಿ ಎಳೆದು, ತುದಿಯ ಧೂಳನ್ನು ಖಾಕಿ ಅಂಗಿಗೆ ಒರೆಸಿ ನನ್ನ ಮುಂದೆ ಹಿಡಿದ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ.

“ತೂತು ಗೀತು ಇದ್ರೆ ಆಕಿ ನೋಡಿ ಸಾರ್. ನೋಡ್ದೆ ಏಳ್ಬೇಡಿ.”

ಹಿಂದೆ ಒಂದು ಲಾರಿ ಬಂದು ಹಾರ್ನ್ ಮಾಡುತ್ತಿತ್ತು. ನಾನು ಕಡ್ಡಿ ತೆಗೆದುಕೊಂಡು, ಅಂಗಿಯ ಜೇಬಿನಲ್ಲಿ ವರ್ನಿಯರಿನ ಪಕ್ಕ ಇಟ್ಟುಕೊಂಡೆ. ಆಂಜಿನಪ್ಪ ತನ್ನ ಹೊಲದ ಗೇಟು ತೆಗೆದು ನನ್ನನ್ನು ಒಳಗೆ ಬಿಟ್ಟ.